ಬೇರು ಸಮೇತ ಬೇಕೆಂದವರಿಗೆ

ಕಾಲೇಜಿಗೆ ಹೊಸದಾಗಿ ಸಸ್ಯಶಾಸ್ತ್ರ ಕಲಿಸಲು ಸೇರಿದ ಹುಡುಗ ಹುಡುಗಿಯರು ಆಗಾಗ ಕಲಬುರಗಿಯ ಖೂಬಾ ಪ್ಲಾಟಿನ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ಅಂಗಳದ ಕುಂಡಗಳನ್ನು ನೋಡುತ್ತಾರೆ, ಆಮೇಲೆ ಮೆಲ್ಲಗೆ ಕೇಳುತ್ತಾರೆ: "ಮೇಡಂ, ಈ ನೌಕರಿ ಹ್ಯಾಂಗದರೀ?" ನಾನು ಯಾವಾಗ ರೀಡರ್ ಆದೆ, ಯಾವಾಗ ವಿಭಾಗದ ಮುಖ್ಯಸ್ಥೆಯಾದೆ ಎಂಬುದು ಅವರಿಗೆ ಬೇಕಿಲ್ಲ, ನನಗೂ ಹೇಳುವ ಉಮೇದಿಲ್ಲ. ಅವೆಲ್ಲ ವಯಸ್ಸಾದಂತೆ ತಾವಾಗಿ ಬಂದವು. ನನಗೆ ಹೇಳಬೇಕೆನಿಸುವುದು ಒಂದು ಮರದ ಮಾತು. ಆ ಮರಕ್ಕಾಗಿ ನಾನು ನನ್ನ ಮುಖ್ಯಸ್ಥರ ಜೊತೆ ಜಗಳ ತೆಗೆದೆ, ಪರೀಕ್ಷಕರ ಜೊತೆ ತೆಗೆದೆ, ನನ್ನ ಸ್ವಂತ ಊರಿನವರ ಜೊತೆಗೂ ತೆಗೆದೆ. ಇವತ್ತು ಪ್ರಸಂಗ ಬಂದರೂ ಮತ್ತೆ ತೆಗೆಯುತ್ತೇನೆ. "ಕಲಬುರಗಿ ಬಿಸಿಲಾಗ ಕುಂತು ಆ ಬೆಟ್ಟದ ಗಿಡದ ಉಸಾಬರಿ ನಿಮಗ್ಯಾಕ್ರೀ?" ಎಂದು ಕೇಳುವವರು ಈಗಲೂ ಇದ್ದಾರೆ. ಅವರೂ ಇದನ್ನು ಓದಲಿ.

ನನ್ನ ತವರು ಕಮಲಾಪುರ, ಕೆಂಪು ಬಾಳೆಯ ಊರು. ಅಲ್ಲಿ ಬೆಳೆದವಳಿಗೆ ಗಿಡ ಅಂದರೆ ಬಾಳೆ, ಬೇವು, ಜಾಲಿ, ಹುಣಸೆ. ಎಂ.ಎಸ್ಸಿ. ಓದುವಾಗ ಶಂಕುಧಾರಿ ಮರಗಳ ಪಾಠ ಬಂತು. ಪೈನ್, ದೇವದಾರು, ಹಿಮ, ಸೂಜಿಯಂಥ ಎಲೆ. ಇದೆಲ್ಲ ಹಿಮಾಲಯದವರ ಪಂಚಾಯ್ತಿ ಎಂದುಕೊಂಡು ಬಾಯಿಪಾಠ ಮಾಡಿ ಪಾಸಾದೆ. ನೌಕರಿಗೆ ಸೇರಿದ ಮೊದಲ ವರ್ಷ ಕಾಲೇಜಿನ ಮಕ್ಕಳನ್ನು ಕರೆದುಕೊಂಡು ಪಶ್ಚಿಮ ಘಟ್ಟದ ದಕ್ಷಿಣ ತುದಿಯ ಕಡೆ ಎತ್ತರದ ಒಂದು ಬೆಟ್ಟಕ್ಕೆ ಹೋದಾಗ ನನ್ನ ಆ ಅಹಂಕಾರ ಇಳಿಯಿತು. ಬೆಟ್ಟದ ಹೆಸರು ಬರೆಯುವುದಿಲ್ಲ. ಬರೆದರೆ ಬರುವ ವರ್ಷ ಅಲ್ಲಿ ಇನ್ನೂ ನಾಲ್ಕು ಬಸ್ಸು ಹೋಗಿ ನಿಲ್ಲುತ್ತವೆ.

ಅಲ್ಲಿ ತೊರೆಯ ದಂಡೆಯ ದಟ್ಟ ನೆರಳಿನಲ್ಲಿ ಆ ಮರ ನಿಂತಿತ್ತು. ನಮ್ಮ ಪುಸ್ತಕದಲ್ಲಿ ಅದು ಪೊಡೊಕಾರ್ಪಸ್. ಈಗ ಹೆಸರು ಬದಲಿಸಿ ನಾಗೇಯಾ ಮಾಡಿದ್ದಾರೆ. ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವ ಶಂಕುಧಾರಿ ಇದೊಂದೇ ಎಂದು ನಾವು ಪಾಠ ಹೇಳುತ್ತಿದ್ದೆವು. ಉಳಿದ ಪೈನುಗಳೆಲ್ಲ ತಂದು ನೆಟ್ಟವು. ಆದರೆ ನೋಡಿದರೆ ಯಾರೂ ಇದನ್ನು ಶಂಕುಧಾರಿ ಎನ್ನಲಾರರು. ಸೂಜಿಯಂಥ ಎಲೆಯಿಲ್ಲ. ಎಲೆ ಅಗಲ, ದಪ್ಪ, ಹೊಳೆಯುವ ಹಸಿರು. ನಡುವಿನ ದೊಡ್ಡ ನರವಿಲ್ಲ, ಬಾಚಣಿಗೆಯಿಂದ ಎಳೆದಂತೆ ಸಣ್ಣ ಗೆರೆಗಳು ಬುಡದಿಂದ ತುದಿಯವರೆಗೆ ಒಂದರ ಪಕ್ಕ ಒಂದು ಹೋಗುತ್ತವೆ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೆಣ್ಣು ಮರದಲ್ಲಿ ಪೈನಿನಂಥ ಗಟ್ಟಿ ಶಂಕುವೂ ಇಲ್ಲ, ಮೇಲೆ ತಿರುಳು ಹೊದ್ದ ಒಂದೊಂದೇ ಬೀಜ. ಆ ಬೀಜಕ್ಕೆ ಹಸಿ ನೆಲ ಬೇಕು, ನೆರಳು ಬೇಕು, ಕೊಳೆತ ಎಲೆಯ ಹಾಸಿಗೆ ಬೇಕು. ನಮ್ಮ ತೊಗರಿಯ ಹಾಗೆ ಒಣಗಿಸಿ ಡಬ್ಬಿಯಲ್ಲಿ ಇಟ್ಟರೆ ಸತ್ತೇ ಹೋಗುತ್ತದೆ. ಮೊಳೆತ ಸಸಿಯೂ ಬಹಳ ನಿಧಾನಿ, ಮೊಣಕಾಲೆತ್ತರ ಆಗಲು ವರ್ಷಗಳು ಬೇಕು. ಹಿಂದೆ ಕಟ್ಟಿಗೆಗಾಗಿ ಇಂಥ ಮರಗಳನ್ನು ಕಡಿದಿದ್ದರು. ಆ ದಾರಿಯಲ್ಲಿ ನಮಗೆ ಸಿಗುತ್ತಿದ್ದ ಹೆಣ್ಣು ಮರ ಒಂದೇ ಒಂದು. ಅದರ ಬುಡದಲ್ಲಿ ಆಗ ಸಸಿ ತುಳಿಯದೆ ಹೆಜ್ಜೆ ಇಡುವುದೇ ಕಷ್ಟವಿತ್ತು.

ಈಗ ನಮ್ಮ ಪ್ರವಾಸದ ಪದ್ಧತಿ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪದವಿಯ ಕೊನೆಯ ವರ್ಷ ಸಸ್ಯಶಾಸ್ತ್ರದ ಮಕ್ಕಳು ಘಟ್ಟಕ್ಕೆ ಹೋಗಬೇಕು, ಗಿಡ ತರಬೇಕು. ತಂದ ಗಿಡವನ್ನು ಹಳೆಯ ಪೇಪರಿನ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಹೆಸರು, ಜಾಗ, ದಿನಾಂಕದ ಚೀಟಿ ಹಚ್ಚಿ, ಅಧ್ಯಾಪಕರ ಸಹಿ ಹಾಕಿಸಿ ಪ್ರಾಯೋಗಿಕ ಪರೀಕ್ಷೆಯ ದಿನ ಪರೀಕ್ಷಕರ ಮುಂದೆ ಇಡಬೇಕು. ಇದಕ್ಕೆ ಹರ್ಬೇರಿಯಂ ಎನ್ನುತ್ತೇವೆ. ಇದಕ್ಕೆ ಪರೀಕ್ಷೆಯಲ್ಲಿ ನಂಬರ್ ಇವೆ. ನಮ್ಮ ಭಾಗದ ಕಾಲೇಜುಗಳಲ್ಲಿ ಶಂಕುಧಾರಿಯ ಹಾಳೆ ಇಲ್ಲದ ಹರ್ಬೇರಿಯಂ ಅಂದರೆ ಮೂಗುತಿ ಇಲ್ಲದ ಮದುಮಗಳು. ಪರೀಕ್ಷಕರು ಮೊದಲು ಅದನ್ನೇ ಹುಡುಕುತ್ತಿದ್ದರು.

ಗಿಡ ಒತ್ತುವ ಕೆಲಸದಲ್ಲಿ ನಮ್ಮ ಪ್ರಯೋಗಾಲಯದ ಅಟೆಂಡರ್ ಖಾಜಾ ಮಿಯಾ ನಿಸ್ಸೀಮ. ಮೋಮಿನಪುರದ ಮನುಷ್ಯ, ಬಾಯಿ ತೆಗೆದರೆ ನಗೆ. ಒತ್ತಲು ಬೇಕಾದ ಪೇಪರನ್ನು ತನ್ನ ಓಣಿಯಿಂದ ತರುತ್ತಿದ್ದ, ಎಲ್ಲ ಉರ್ದು ಪೇಪರು. ಒಂದು ವರ್ಷ ವಾಪಸ್ ಬರುವಾಗ ಬಸ್ಸಿನ ಮೇಲೆ ಕಟ್ಟಿದ ಗಿಡದ ಕಟ್ಟುಗಳು ಮಳೆಯಲ್ಲಿ ತೊಯ್ದವು. ಒಣಗಿಸಿ ಬಿಚ್ಚಿದರೆ ಒಬ್ಬ ಹುಡುಗನ ಎಲೆಗಳ ಮೇಲೆ ಪೇಪರಿನ ಅಕ್ಷರ ಸ್ಪಷ್ಟವಾಗಿ ಮೂಡಿದ್ದವು. ಪರೀಕ್ಷಕರು ಕನ್ನಡಕ ಏರಿಸಿ, "ಎಲೆ ಮೇಲೆ ಇದೇನಪ್ಪಾ, ಯಾವ ರೋಗ?" ಎಂದು ಕೇಳಿದರು. ಖಾಜಾ ಮಿಯಾ ಬಾಗಿಲಲ್ಲೇ ನಿಂತು, "ರೋಗ ಅಲ್ರೀ ಸಾಬ್, ನಿನ್ನಿ ಪೇಪರಿನ ಖಬರ್ ಅದ" ಎಂದ. ಪರೀಕ್ಷಕರೂ ನಕ್ಕು ನಂಬರ್ ಕೊಟ್ಟರು. ಇಂಥ ಪರೀಕ್ಷಕರೂ ಇದ್ದರು ಎಂದು ಹೇಳಲೇಬೇಕು.

ಶಾಸ್ತ್ರದ ಪ್ರಕಾರ ಹಾಳೆಯ ಮೇಲಿನ ಗಿಡ ಪೂರ್ಣ ಇರಬೇಕು, ಬೇರು ಸಮೇತ. ತುಂಬೆ, ಗರಿಕೆಗೆ ಇದು ಸರಿ. ಮುಗಿಲೆತ್ತರದ ಮರಕ್ಕೆ ಟೊಂಗೆ ಸಾಕು ಎಂದು ಅದೇ ಶಾಸ್ತ್ರದಲ್ಲಿದೆ, ಆದರೆ ಟೊಂಗೆ ಕೈಗೆ ಎಟುಕಬೇಕಲ್ಲ. ಆ ಮರದ ಮೊದಲ ಟೊಂಗೆಯೇ ಎರಡು ಮಾಳಿಗೆ ಮೇಲಿತ್ತು. ಕೆಳಗೆ ನೋಡಿದರೆ ಗೇಣುದ್ದದ ಸಸಿಗಳು. ಬೇರಿದೆ, ಕಾಂಡವಿದೆ, ಎಲೆಯಿದೆ, ಹಾಳೆಯ ಅಳತೆಗೆ ಸರಿಯಾಗಿದೆ. ಮಣ್ಣು ಮೆತ್ತಗೆ, ಎರಡು ಬೆರಳಲ್ಲಿ ಹಿಡಿದೆಳೆದರೆ ಬರುತ್ತದೆ. ಕೊಡಲಿ ತಂದವನನ್ನು ಕಾಡಿನವರು ಹಿಡಿಯುತ್ತಾರೆ. ಪುಸ್ತಕ ತಂದವರನ್ನು ಯಾರು ಹಿಡಿಯಬೇಕು? ಆ ಬೆಟ್ಟಕ್ಕೆ ನಮ್ಮದೊಂದೇ ಕಾಲೇಜು ಹೋಗುತ್ತಿರಲಿಲ್ಲ. ಎಷ್ಟೋ ಊರಿನ ಕಾಲೇಜುಗಳು ಅದೇ ದಾರಿಯಲ್ಲಿ ಅದೇ ಮರದ ಬುಡಕ್ಕೆ ಹೋಗುತ್ತಿದ್ದವು, ಮಗುವಿಗೊಂದರಂತೆ ಕೀಳುತ್ತಿದ್ದವು.

ವರ್ಷ ವರ್ಷಕ್ಕೂ ಸಸಿಗಳು ತೆಳುವಾಗುತ್ತ ಬಂದದ್ದು ನನ್ನ ಕಣ್ಣಿಗೆ ಬೀಳುತ್ತಿತ್ತು. ಒಂದು ವರ್ಷ ನಾವು ಹತ್ತುವಾಗ ಬೇರೊಂದು ಕಾಲೇಜಿನ ಮಕ್ಕಳು ಹಾಡುತ್ತ ಇಳಿಯುತ್ತಿದ್ದರು, ಕೈಯಲ್ಲಿ ಪ್ಲಾಸ್ಟಿಕ್ ಚೀಲಗಳು. ಮರದ ಬುಡಕ್ಕೆ ಹೋಗಿ ನೋಡಿದರೆ ಸಸಿಗಳಿಲ್ಲ. ಇದ್ದ ಜಾಗದಲ್ಲಿ ಬೆರಳಗಲದ ತಗ್ಗುಗಳು, ಹಸಿ ಮಣ್ಣು ಇನ್ನೂ ಆರಿರಲಿಲ್ಲ. ಒಂದು ಬಂಡೆಯ ಹಿಂದೆ ಮಾತ್ರ ಕೆಲವು ಉಳಿದಿದ್ದವು, ಅವರಿಗೆ ಕಂಡಿರಲಿಲ್ಲ. ನಮ್ಮ ಮಕ್ಕಳಿಗೆ ಕಂಡವು.

ಮೊದಲು ಬಗ್ಗಿದವಳು ಸಂಗಮ್ಮ. ನನ್ನ ಊರಿನವಳೇ, ಕಮಲಾಪುರದ ಬಾಳೆ ತೋಟದವರ ಮಗಳು. ಆ ತಂಡದಲ್ಲಿ ಎಲ್ಲರಿಗಿಂತ ಚುರುಕು. ಎಂ.ಎಸ್ಸಿ. ಮಾಡಬೇಕೆಂಬ ಛಲ ಇದ್ದ ಹುಡುಗಿ.

"ಕೈ ಹಚ್ಚಬ್ಯಾಡ ಸಂಗಮ್ಮ," ಎಂದೆ.

ಅವಳು ಬಗ್ಗಿದಲ್ಲೇ ತಲೆಯೆತ್ತಿದಳು. "ಯಾಕ್ರೀ ಮೇಡಂ?"

"ಇವಿಷ್ಟೇ ಉಳದಾವ. ಇವನ್ನೂ ಕಿತ್ತರ ಈ ಮರಕ್ಕ ವಂಶಾನೇ ಇರಂಗಿಲ್ಲ."

"ಎಲ್ಲಾ ಕಾಲೇಜಿನವ್ರು ಇದನ್ನ ಇಟ್ಟಿರ್ತಾರ್ರೀ. ನಮ್ದೊಂದೇ ಖಾಲಿ ಇದ್ರ ನಂಬರ್ ಹೋಗ್ತಾವಲ್ರೀ?"

"ಹೋಗ್ತಾವ," ಎಂದೆ. ಸುಳ್ಳು ಹೇಳಲು ನನಗೆ ಬರಲಿಲ್ಲ.

ಸಂಗಮ್ಮ ಸಸಿಯನ್ನೂ ನನ್ನನ್ನೂ ನೋಡಿದಳು. ಆಮೇಲೆ ಎದ್ದು ಕೈ ಜಾಡಿಸಿಕೊಂಡು ಉಳಿದವರಿಗೆ, "ಏ, ನಡೀರಿ, ಇಲ್ಲಿ ಯಾರೂ ಕೈ ಹಚ್ಚೂದಿಲ್ಲ" ಎಂದಳು. ಗೊಣಗುತ್ತ ಎಲ್ಲರೂ ಸರಿದರು. ಅಲ್ಲೇ ಕುಳಿತು ಮರದ ಚಿತ್ರ ಬರೆಯಲು ಹೇಳಿದೆ. ಕೆಲವರು ಬರೆದರು, ಕೆಲವರು ಸಿಟ್ಟಿಗೆ ಬರೆಯಲಿಲ್ಲ. ಅವರ ಸಿಟ್ಟು ತಪ್ಪು ಎಂದು ನಾನು ಹೇಳುವುದಿಲ್ಲ.

ಕಲಬುರಗಿಗೆ ಬಂದ ಮೇಲೆ ವಿಭಾಗದ ಮುಖ್ಯಸ್ಥರಾದ ಪಾಟೀಲ ಸರ್ ನನ್ನನ್ನು ಕರೆಸಿದರು. ಪಾಟೀಲ ಸರ್ ಕೆಟ್ಟವರಲ್ಲ. ಯಾರಿಗೂ ತ್ರಾಸಾಗಬಾರದು ಎಂಬುದೇ ಅವರ ಧರ್ಮ.

"ಶಾಂತಾಬಾಯಿ, ಮರದ ಮ್ಯಾಲ ಪ್ರೀತಿ ಇರ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮಕ್ಕಳ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ? ಖಾಜಾ ಮಿಯಾ, ಆ ಕಪಾಟು ತೆಗಿ."

ಖಾಜಾ ಮಿಯಾ ಕಪಾಟು ತೆಗೆದ. ಒಳಗೆ ಹಳೆಯ ತಂಡಗಳವರು ಸಲ್ಲಿಸಿದ ಹಾಳೆಗಳ ರಾಶಿ. ಪೊಡೊಕಾರ್ಪಸ್ ಹಾಳೆಗಳೇ ಒಂದು ಕಟ್ಟು ಇದ್ದವು, ಎಲ್ಲದರಲ್ಲೂ ಗೇಣುದ್ದದ ಸಸಿ, ಎಲ್ಲದರಲ್ಲೂ ಬೇರು. ಅವನು ಹೆಮ್ಮೆಯಿಂದ ತನ್ನ ಕಸುಬು ವಿವರಿಸಿದ. "ಮೇಡಂ, ಚಹಾ ಕೆಟಲಿನ ಹಬಿ ಮ್ಯಾಲ ಹಿಡದ್ರ ಹಳೀ ಚೀಟಿ ಹೂವಿನಂಗ ಬಿಚ್ಚಿ ಬರ್ತದ. ಹೊಸಾ ಚೀಟಿ ಹಚ್ಚಿದ್ರ ಯಾರಿಗಿ ಮಾಲೂಮ ಆಗ್ತದ? ಎಷ್ಟ ವರ್ಷ ಮಾಡೀನಿ, ಒಬ್ರೂ ಹಿಡದಿಲ್ಲ."

ಪಾಟೀಲ ಸರ್ ಕೈ ಚೆಲ್ಲಿದರು. "ಆತಲ್ಲ? ಸಸಿನೂ ಉಳೀತು, ಮಕ್ಕಳ ನಂಬರೂ ಉಳದ್ವು."

ಕೇಳಲು ಸೊಗಸಾಗಿತ್ತು. ನಾನೂ ಒಂದು ಗಳಿಗೆ ಹೂಂ ಅನ್ನುವವಳಿದ್ದೆ. ಆದರೆ ಆ ಕಟ್ಟನ್ನು ಮೇಜಿನ ಮೇಲೆ ಹರಡಿದಾಗ ತಲೆ ಬಿಸಿಯಾಯಿತು. ಆ ಕಪಾಟಿನಲ್ಲಿದ್ದಷ್ಟು ಸಸಿ ಆ ಬೆಟ್ಟದಲ್ಲಿ ಇರಲಿಲ್ಲ. ಈ ಸತ್ತ ಸಸಿಗಳಿಗೆ ಈ ವರ್ಷದ ದಿನಾಂಕ ಹಚ್ಚಿದರೆ ಪರೀಕ್ಷಕರು ಏನು ತಿಳಿಯುತ್ತಾರೆ? ಈ ವರ್ಷವೂ ಬೇಕಾದಷ್ಟು ಸಿಕ್ಕಿದೆ, ಬರುವ ವರ್ಷವೂ ಸಿಗುತ್ತದೆ ಎಂದು. ನಮ್ಮ ಸುಳ್ಳು ಚೀಟಿಯನ್ನು ನೋಡಿದ ಪರೀಕ್ಷಕರು ತಮ್ಮ ಕಾಲೇಜಿನ ಮಕ್ಕಳನ್ನೂ ಮತ್ತೆ ಬೆಟ್ಟ ಹತ್ತಿಸುತ್ತಾರೆ.

"ಇವಕ್ಕ ನಾ ಸಹಿ ಹಾಕಂಗಿಲ್ಲ ಸರ್," ಎಂದೆ.

"ಹಟ ಮಾಡಬ್ಯಾಡ್ರಿ."

"ಹಟಾನೇ ಅನ್ಕೋರಿ."

ಮಕ್ಕಳನ್ನು ಕೂಡಿಸಿ ಎರಡೂ ಮಾತು ಮುಂದಿಟ್ಟೆ. ಹಳೆಯ ಹಾಳೆ ಬೇಕಾದವರು ಪಾಟೀಲ ಸರ್ ಕಡೆ ಹೋಗಿ ಸಹಿ ಹಾಕಿಸಿಕೊಳ್ಳಬಹುದು, ನನಗೆ ಬೇಸರವಿಲ್ಲ ಎಂದೆ. ಬೇಸರವಿತ್ತು, ಆದರೂ ಹಾಗೆಂದೆ. ಸಂಗಮ್ಮ ಎದ್ದು ನಿಂತಳು. "ಹಬಿ ಹಚ್ಚಿದ ಹಾಳಿ ನನಗ ಬ್ಯಾಡ್ರಿ. ನಾ ಬರದ ಚಿತ್ರ ಇಡ್ತೀನಿ." ಅವಳ ಹಿಂದೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ನಿಂತರು. ಉಳಿದವರು ಪಾಟೀಲ ಸರ್ ಕೋಣೆಗೆ ಹೋದರು.

ಪರೀಕ್ಷೆಗೆ ಆ ವರ್ಷ ಬೇರೆ ಊರಿನಿಂದ ಬಂದ ಪರೀಕ್ಷಕರು ನಗುವ ಪೈಕಿ ಅಲ್ಲ. ಸಂಗಮ್ಮನ ಕಡತ ತೆರೆದು ಹಾಳೆ ಮಗುಚುತ್ತ ಹೋಗಿ ಚಿತ್ರದ ಮೇಲೆ ನಿಂತರು.

"ಇದೇನು?"

"ಪೊಡೊಕಾರ್ಪಸ್ ರೀ ಸರ್. ಗಿಡ ಕೀಳಲಿಲ್ರೀ. ಅಲ್ಲೇ ಕುಂತು ಬರದೀನಿ."

"ನಾನು ಗಿಡ ಕೇಳಿದ್ದು. ಚಿತ್ರ ಯಾರು ಬೇಕಾದರೂ ಪುಸ್ತಕ ನೋಡಿ ಬರೆಯಬಹುದು."

"ಪುಸ್ತಕದಾಗ ಇರೂದು ಟೊಂಗಿ ಸರ್. ನಾ ಬರದಿದ್ದು ಬುಡ. ಸಸಿ ಕಿತ್ತ ತಗ್ಗು ಸುದ್ದಾ ಬರದೀನಿ, ನೋಡ್ರಿ."

ನಾನು ನಡುವೆ ಬಾಯಿ ಹಾಕಿದೆ. ಮರದ ಸ್ಥಿತಿ ಹೇಳಿದೆ. ನಾನೇ ಬೇಡ ಎಂದದ್ದು, ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ ಎಂದೆ. ಅವರು ನನ್ನ ಮುಖ ನೋಡದೆ, "ಮೇಡಂ, ನಿಮಗೆ ನಂಬರ್ ಕೊಡುವ ಅಧಿಕಾರ ನನಗಿಲ್ಲ, ಮಕ್ಕಳಿಗೆ ಮಾತ್ರ ಇದೆ" ಎಂದರು. ಚಿತ್ರ ಬರೆದವರಿಗೆಲ್ಲ ನಂಬರ್ ಕಡಿದರು. ಹಬೆಯಲ್ಲಿ ಚೀಟಿ ಬದಲಿಸಿದ ಹಾಳೆ ಇಟ್ಟವರಿಗೆ ಪೂರ್ತಿ ಕೊಟ್ಟರು.

ಎಂ.ಎಸ್ಸಿ. ಪ್ರವೇಶದ ಪಟ್ಟಿಯಲ್ಲಿ ಸಂಗಮ್ಮನ ಹೆಸರು ಬರಲಿಲ್ಲ. ಸ್ವಲ್ಪದರಲ್ಲೇ ತಪ್ಪಿತು. ಆ ಸ್ವಲ್ಪ ಎಲ್ಲಿ ಹೋಯಿತು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಅವಳ ಅಪ್ಪ ಕಮಲಾಪುರದಿಂದ ನನ್ನ ಮನೆಗೆ ಬಂದರು. ನನ್ನ ಅಣ್ಣನ ಓರಗೆಯವರು, ಚಿಕ್ಕಂದಿನಿಂದ ನೋಡಿದವರು. ಕುರ್ಚಿ ಹಾಕಿದರೆ ಕೂರಲಿಲ್ಲ.

"ಶಾಂತಾ, ನಮ್ಮೂರ ಮಗಳು ಅಂತ ನಂಬಿ ಹುಡುಗೀನ ನಿನ್ನ ಕಾಲೇಜಿಗಿ ಹಚ್ಚಿದ್ದೆ. ಎಲ್ಲೀದೋ ಒಂದು ಅಡವ್ಯಾಗಿನ ಗಿಡಕ್ಕ ಅಕಿ ಬಾಳೇ ಹಾಳ ಮಾಡಿದೆಲ್ಲ."

"ಅಣ್ಣಾ, ನಿಮ್ಮ ತ್ವಾಟದಾಗ ಬುಡದ ಮರಿ ಎಲ್ಲಾ ಯಾರರೆ ಕಿತಗೊಂಡು ಹೋದ್ರ ಮುಂದ ಕೆಂಪು ಬಾಳಿ ಎಲ್ಲಿಂದ ಬರ್ತದ? ನೀವು ಬಿಡ್ತೀರೇನು?"

"ಅದು ನನ್ನ ತ್ವಾಟ. ನಾ ಕಾಯ್ತೀನಿ. ಆ ಅಡವಿ ಯಾರದು? ನಿಂದೇನು?"

"ಯಾರದೂ ಅಲ್ಲ ಅಂತಾನೇ ನಾ ಕಾಯಬೇಕಾತು."

"ನನ್ನ ಮಗಳ ನಂಬರ್ ಕೊಟ್ಟು ಕಾಯ್ದಿ. ನಿಂದೇನು ಹೋತು?" ಎಂದು ಅವರು ಮೆಟ್ಟಿಲಿಳಿದು ಹೋದರು. ಒಳಗಿನಿಂದ ತಂದ ಚಹಾ ನನ್ನ ಕೈಯಲ್ಲೇ ಉಳಿಯಿತು.

ಇವತ್ತಿಗೂ ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಎದುರಾದರೆ ಅವರು ಮುಖ ತಿರುಗಿಸುತ್ತಾರೆ. ತಿರುಗಿಸಲಿ. ನನಗೆ ನೋವಾಗುತ್ತದೆ. ಆದರೆ ಆ ದಿನ ಸಸಿ ಕೀಳಿಸಬೇಕಿತ್ತು ಎಂದು ಯಾರಾದರೂ ನನ್ನ ಬಾಯಿಂದ ಹೇಳಿಸಲು ನೋಡಿದರೆ ಅದು ಆಗದ ಮಾತು. ತಪ್ಪು ನಮ್ಮ ಪದ್ಧತಿಯದು. ಒಂದು ಹುಡುಗಿಯ ಭವಿಷ್ಯವನ್ನೂ ಒಂದು ಮರದ ವಂಶವನ್ನೂ ಎದುರು ಬದುರು ನಿಲ್ಲಿಸಿ ಯಾವುದು ಬೇಕು ಆರಿಸಿಕೋ ಎಂದ ಪದ್ಧತಿ ಅದು.

ಸಂಗಮ್ಮ ಬಿ.ಎಡ್. ಮಾಡಿಕೊಂಡು ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿಯಾದಳು. ಮುಂದೆ ನಾನು ಪಠ್ಯ ಸಮಿತಿಯ ಬಾಗಿಲು ತಟ್ಟುತ್ತಲೇ ಇದ್ದೆ. ಅಪರೂಪದ ಗಿಡಕ್ಕೆ ಫೋಟೋ ಸಾಕು, ಚಿತ್ರ ಸಾಕು ಎಂದು ಪ್ರತಿ ಸಭೆಯಲ್ಲಿ ಎದ್ದು ಹೇಳುತ್ತಿದ್ದೆ. "ಬಂದ್ರು ನೋಡ್ರಿ ಪೊಡೊಕಾರ್ಪಸ್ ಬಾಯಿ" ಎಂದು ಹಿಂದಿನ ಸಾಲಿನಲ್ಲಿ ನಗುತ್ತಿದ್ದರು. ನಗುವವರ ಎದುರಿಗೇ ನಿಂತು ಹೇಳುತ್ತಿದ್ದೆ. ಮೊಬೈಲ್ ಎಲ್ಲರ ಕೈಗೆ ಬಂದ ಮೇಲೆ ನನ್ನ ಮಾತು ಒಂದೇ ಸಲಕ್ಕೆ ಬುದ್ಧಿವಂತಿಕೆಯ ಮಾತಾಯಿತು. ಈಗ ನಮ್ಮ ಕಾಲೇಜಿನಲ್ಲಿ ಫೋಟೋ ಇಟ್ಟರೆ ನಡೆಯುತ್ತದೆ. ನಡೆಯುತ್ತದೆ ಅಷ್ಟೇ. ಬೇರು ಸಮೇತ ತಂದವನ ಬೆನ್ನು ಇನ್ನೂ ಹೆಚ್ಚು ತಟ್ಟುತ್ತಾರೆ.

ನಿವೃತ್ತಿಯ ನಂತರ ಹಳೆಯ ವಿದ್ಯಾರ್ಥಿಗಳು ಕಾಲೇಜಿನ ಸಭಾಂಗಣದಲ್ಲಿ ಗುರುವಂದನೆ ಇಟ್ಟುಕೊಂಡರು. ನಾನು ಬೇಡ ಎಂದೆ, ಕೇಳಲಿಲ್ಲ. ಸಂಗಮ್ಮ ಕಮಲಾಪುರದಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಪಾಟೀಲ ಸರ್ ಕೋಲು ಊರಿಕೊಂಡು ಬಂದು ವೇದಿಕೆಯ ಮೇಲೆ ನನ್ನ ಪಕ್ಕದಲ್ಲೇ ಕುಳಿತರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದವು. ಕೊನೆಗೆ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಅಶ್ವಿನಿ ಎಂಬ ಹುಡುಗಿ ಹೊಳೆಯುವ ಕಾಗದ ಸುತ್ತಿದ ಒಂದು ದೊಡ್ಡ ಚೌಕಟ್ಟು ತಂದು ನನ್ನ ಕೈಗಿಟ್ಟಳು. ಬಹಳ ಒಳ್ಳೆಯ ಹುಡುಗಿ. ನನ್ನ ಬಗ್ಗೆ ಅರ್ಧಂಬರ್ಧ ಕೇಳಿ ತಿಳಿದು, ತಾನೇ ಮುತುವರ್ಜಿ ವಹಿಸಿ ಮಾಡಿಸಿದ್ದಳು.

ಕಾಗದ ಬಿಚ್ಚಿದೆ. ಬಂಗಾರದ ಬಣ್ಣದ ಅಂಚು, ಗಾಜಿನ ಒಳಗೆ ಬಿಳಿ ಹಾಳೆ, ಹಾಳೆಯ ಮೇಲೆ ಗೇಣುದ್ದದ ಸಸಿ. ಎಲೆ ಇನ್ನೂ ಹಸಿರಾಗಿತ್ತು. ಬೇರಿನ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಅಂದವಾಗಿ ಹರಡಿದ್ದರು.

"ಇದು ಎಲ್ಲಿಂದ ಬಂತವ್ವ?" ಎಂದು ಕೇಳಿದೆ.

"ನಿಮ್ಮ ಮರದ ಬುಡದಿಂದಾನೇ ಮೇಡಂ," ಎಂದು ಅಶ್ವಿನಿ ಸಂತೋಷದಿಂದ ಹೇಳಿದಳು. "ಹೋದ ತಿಂಗಳು ಟೂರ್ ಹೋಗಿದ್ವಿರೀ. ನಿಮಗ ಭಾಳ ಪ್ರೀತಿ ಅಂತ ಎಲ್ಲಾ ಕಡೆ ಹುಡುಕಿದ್ವಿ. ಒಂದೇ ಇತ್ತು, ಬೇರು ಸಮೇತ ಸಿಕ್ತು."

ಸಭೆ ಚಪ್ಪಾಳೆ ತಟ್ಟಿತು. ಸಂಗಮ್ಮ ತಟ್ಟಲಿಲ್ಲ. ಅವಳು ನನ್ನ ಕೈಯಲ್ಲಿದ್ದುದನ್ನು ನೋಡುತ್ತ ಕುಳಿತಿದ್ದಳು. ನನಗೆ ಅಳು ಬಂತು, ಸಿಟ್ಟೂ ಬಂತು. ಎರಡರಲ್ಲಿ ಸಿಟ್ಟು ಮೊದಲು ಬಾಯಿಗೆ ಬಂತು. ಮೈಕಿನ ಮುಂದೆ ಹೋಗಿ ಚೌಕಟ್ಟನ್ನು ಸಭೆಯ ಕಡೆ ತಿರುಗಿಸಿ ಹಿಡಿದೆ.

"ಇದನ್ನ ಕೀಳಲಿಲ್ಲ ಅಂತ ಮುಂದಿನ ಸಾಲಿನಾಗ ಕುಂತ ಒಬ್ಬ ಹುಡುಗೀದು ನಂಬರ್ ಕಡಿದ್ರು. ಇವತ್ತ ಕಿತ್ತು ತಂದಾರ. ಪಾಟೀಲ ಸರ್, ನೀವ ಹೇಳ್ರಿ, ಇದಕ್ಕ ಎಷ್ಟ ನಂಬರ್ ಕೊಡ್ತೀರಿ?"

ಪಾಟೀಲ ಸರ್ ಕೋಲಿನ ಹಿಡಿಕೆ ನೋಡುತ್ತ ಕುಳಿತರು. ಪ್ರಾಂಶುಪಾಲರನ್ನು ಕೇಳಿದೆ. ಅವರು ನಿರೂಪಕನ ಕಡೆ ನೋಡಿದರು. ಉಳಿದ ಅಧ್ಯಾಪಕರನ್ನು ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೇಳಿದೆ. ಕಾರ್ಯಕ್ರಮ ಕೆಟ್ಟಿತು ಎಂದು ಆಮೇಲೆ ಬಹಳ ಜನ ಹೇಳಿದರು. ಕೆಡಿಸಲೆಂದೇ ಕೇಳಿದ್ದೆ. ಚೌಕಟ್ಟನ್ನು ನಾನು ಕೂತಿದ್ದ ಕುರ್ಚಿಯ ಮೇಲಿಟ್ಟು ವೇದಿಕೆಯಿಂದ ಇಳಿದೆ.

ಅಶ್ವಿನಿ ನನ್ನ ಹಿಂದೆಯೇ ಓಡಿ ಬಂದು ಬಾಗಿಲ ಹತ್ತಿರ ನನ್ನ ಕೈ ಹಿಡಿದಳು. ಮುಖವೆಲ್ಲ ಕಣ್ಣೀರು. "ಮೇಡಂ, ನನಗ ತಿಳೀಲಿಲ್ರೀ. ತಾಯಿ ಮರ ಇನ್ನೂ ಅದರೀ. ಮತ್ತ ಸಸಿ ಹುಟ್ಟಂಗಿಲ್ಲೇನ್ರೀ?"

ಅಷ್ಟರಲ್ಲಿ ಸಂಗಮ್ಮನೂ ಎದ್ದು ಬಂದಿದ್ದಳು. ನಾನು ಬಾಯಿ ತೆಗೆಯುವ ಮೊದಲು ಅವಳೇ ಅಶ್ವಿನಿಯ ಹೆಗಲ ಮೇಲೆ ಕೈಯಿಟ್ಟು ಹೇಳಿದಳು.

"ಹುಟ್ಟತದವ್ವ. ನೀವು ಯಾರೂ ಹೋಗಲಿಲ್ಲಂದ್ರ ಹುಟ್ಟತದ."